ಎಡಗಡೆ ಸೀಟಿನ ಬ್ರೇಕು

ನಮ್ಮ ಪಿಕಪ್ ಗಾಡಿಗೆ ಎರಡು ಬ್ರೇಕುಗಳಿವೆ ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ನನ್ನ ಕಾಲ ಕೆಳಗಿನದು, ಕಂಪನಿಯವರು ಕೊಟ್ಟದ್ದು. ಇನ್ನೊಂದು ಎಡಗಡೆ ಸೀಟಿನಲ್ಲಿ ಕೂಡುವ ನಮ್ಮ ಚಿಗವ್ವನ ಕಾಲ ಕೆಳಗಿನದು, ಆಕೆಯೇ ಮಾಡಿಕೊಂಡದ್ದು. ಅಲ್ಲಿ ಪೆಡಲ್ ಇಲ್ಲ, ಪೈಪಿಲ್ಲ, ಎಣ್ಣೆಯಿಲ್ಲ. ಇರುವುದು ಬರೀ ಒಂದು ರಬ್ಬರ್ ಮ್ಯಾಟು. ಆದರೂ ಹನ್ನೊಂದು ವರ್ಷದಿಂದ ನಮ್ಮ ಗಾಡಿ ನಿಲ್ಲುತ್ತಾ ಬಂದಿರುವುದು ಆ ಬ್ರೇಕಿನಿಂದಲೇ ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನದು ಸುಮ್ಮನೆ ಶೋಕಿಗೆ!

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಹೆಸರು ಬರೆಯುವುದಿಲ್ಲ. ಆಕೆಗೆ ಓದಲು ಬರುವುದಿಲ್ಲ ನಿಜ, ಆದರೆ ಹುನಗುಂದದ ನಮ್ಮ ಮನೆಗೆ ರೊಟ್ಟಿ ಒಯ್ಯಲು ಬರುವವರಿಗೆಲ್ಲ ಓದಲು ಬರುತ್ತದೆ. ಅವರಲ್ಲಿ ಯಾರಾದರೊಬ್ಬರು ಇದನ್ನು ಓದಿ ಹೇಳಿದರೆ ಅವತ್ತು ನನಗೆ ಊಟವಿಲ್ಲ. ನಾನು ಆರು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಆಗ ಚಿಗವ್ವ, "ಹದಿನೈದು ದಿನಾ ಇದ್ದು ಹೋಗ್ತೇನಿ" ಎಂದು ಒಂದು ಗಂಟು ಹಿಡಿದುಕೊಂಡು ಬಂದಳು. ಈಗ ನನಗೆ ನಲವತ್ತು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಒಂದು ಒಲೆಯಿಂದ ಶುರು ಮಾಡಿದ ಆಕೆಯ ಜೋಳದ ರೊಟ್ಟಿಯ ಕೆಲಸ ಈಗ ಎಂಟು ಒಲೆಗೆ ಬಂದಿದೆ. ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ಊರೆಲ್ಲ ನಕ್ಕಿತು, ಆಕೆ ನಗಲಿಲ್ಲ. ಹತ್ತು ವರ್ಷ ರೊಟ್ಟಿಯ ದುಡ್ಡು ಕೂಡಿಟ್ಟು ಈ ಪಿಕಪ್ಪನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಡಿಸಿ, "ಓದು ನಿನ್ನ ಕೈ ಹಿಡೀಲಿಲ್ಲ. ಸ್ಟೇರಿಂಗರ ನೀ ಗಟ್ಟಿ ಹಿಡಿ" ಎಂದಳು. ಅವತ್ತೇ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಿಗೆ ನಮಸ್ಕಾರ ಮಾಡಿ ಎಡಗಡೆ ಸೀಟಿಗೆ ಏರಿದಳು. ಲಕ್ಷ್ಮಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದಂತೆ. ಬರಿಗಾಲಲ್ಲಿ ಎಷ್ಟು ಬೇಕಾದರೂ ತುಳಿಯಬಹುದು!

ದಿನಾ ಮುಂಜಾನೆ ರೊಟ್ಟಿಯ ಗಂಟುಗಳನ್ನು ಹೇರಿಕೊಂಡು ಹುನಗುಂದದಿಂದ ಬಾದಾಮಿಯ ಒಂದು ಖಾನಾವಳಿಗೆ ಹೊರಡುತ್ತೇವೆ. ಅಮೀನಗಡದ ತನಕ ಆಕೆ ಶಾಂತ. ಗುಳೇದಗುಡ್ಡ ದಾಟಿ ಗುಡ್ಡಗಳ ನಡುವಿನ ಇಳಿಜಾರು ಬಂತೆಂದರೆ ಆಕೆಯ ಬಲಗಾಲು ಡ್ಯೂಟಿಗೆ ಹಾಜರು.

"ಲೇ ತಮ್ಮಾ, ಆಡು!"

"ಎಲ್ಲೈತಿ?"

"ಅಗಾ ಅಲ್ಲೆ, ಆ ಬೇವಿನಗಿಡದ ಬುಡಕ."

"ಅದನ್ನ ಕಟ್ಟಿ ಹಾಕ್ಯಾರ ಚಿಗವ್ವ."

"ಹಗ್ಗ ಹರಕೊಂಡ್ರ?"

ಹನ್ನೊಂದು ವರ್ಷದಲ್ಲಿ ಆ ಬೇವಿನಗಿಡದ ಬುಡದಲ್ಲಿ ಎಷ್ಟು ಆಡುಗಳು ಬದಲಾದವೋ! ಒಂದೂ ಹಗ್ಗ ಹರಿದುಕೊಳ್ಳಲಿಲ್ಲ. ಆದರೂ ದಿನಾ ಆ ಆಡಿಗಾಗಿ ಆಕೆಯ ಕಾಲು ಮ್ಯಾಟಿನ ಮೇಲೆ ಒತ್ತಿ ನಿಲ್ಲುತ್ತದೆ. ಎಂದಾದರೊಮ್ಮೆ ನಾಯಿಯೋ ಮಂಗನೋ ನಿಜವಾಗಿಯೇ ಅಡ್ಡ ಬಂದು ಗಾಡಿ ನಿಂತರೆ ಮುಗಿಯಿತು.

"ನೋಡಿದಿಲ್ಲೋ? ನಾ ಒತ್ತಿದೆ, ನಿಂತ್ತು."

"ನಾನೂ ಒತ್ತೀನಿ ಚಿಗವ್ವ."

"ಒತ್ತಿದಿ. ಆದ್ರ ತಡಾ ಮಾಡಿದಿ."

ನನ್ನ ಪೆಡಲಿನ ರಬ್ಬರು ಇನ್ನೂ ಗಟ್ಟಿಯಾಗಿದೆ. ಆಕೆಯ ಕಡೆಯ ಮ್ಯಾಟನ್ನು ಮಾತ್ರ ಎರಡು ಸಲ ಬದಲಿಸಿದ್ದೇನೆ. ಮೂರನೆಯದಕ್ಕೂ ಸರಿಯಾಗಿ ಹಿಮ್ಮಡಿಯ ಅಳತೆಗೆ ತೂತು ಬಿದ್ದಿದೆ.

ಇನ್ನು ಕಾಲಿಗೆ ನೀರು ಕೊಡುವ ವಿಷಯ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಕಾಲಿಗೆ ಒಂದು ತಂಬಿಗೆ ನೀರು, ಆಮೇಲೆ ಮಾತು. ಹೊಲದಿಂದ ಬಂದ ಎತ್ತಿಗೂ ಅದೇ ಮರ್ಯಾದೆ. ಚಿಗವ್ವ ಈ ಮರ್ಯಾದೆಯನ್ನು ಪಿಕಪ್ಪಿಗೂ ಕೊಟ್ಟಳು. ಬಾದಾಮಿ ಮುಟ್ಟಿ ಖಾನಾವಳಿಯ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಆಕೆ ಇಳಿದು, ಅಲ್ಲಿಯ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದು ಮುಂದಿನ ಎರಡೂ ಗಾಲಿಗಳಿಗೆ ನೀರು ಹೊಯ್ಯುತ್ತಾಳೆ. ಹಿಂದಿನ ಗಾಲಿಗಳಿಗಿಲ್ಲ.

"ಅವೇನು ಪಾಪ ಮಾಡ್ಯಾವ?" ಎಂದು ಕೇಳಿದ್ದೆ.

"ಮುಂದಿನವು ದುಡೀತಾವ. ಹಿಂದಿನವು ಸುಮ್ಮ ಬೆನ್ನ ಹತ್ತಿ ಬರ್ತಾವ."

ಇಳಿಜಾರು ಇಳಿದು ಬಂದ ಗಾಲಿಯೊಳಗೆ ನೀರು ಬಿದ್ದರೆ 'ಚುಂಯ್' ಎಂದು ಹಬೆ ಏಳುತ್ತಿತ್ತು. ಚಿಗವ್ವನ ಮುಖದಲ್ಲಿ ಧನ್ಯತೆ! "ನೋಡು, ಎಷ್ಟ ನೀರಡಿಕಿ ಆಗಿತ್ತ ಇದಕ್ಕ!" ಒಮ್ಮೆ ಗುಹೆ ನೋಡಲು ಬಂದವರು ಗುಹೆ ಬಿಟ್ಟು ಇದರ ಫೋಟೋ ತೆಗೆದರು. ಆಕೆ ಸೆರಗು ಸರಿಮಾಡಿಕೊಂಡು ಇನ್ನೊಂದು ತಂಬಿಗೆ ಹೊಯ್ದಳು.

ಹೋದ ವರ್ಷ ಆಕೆಗೆ ಮೊಣಕಾಲು ನೋವು ಶುರುವಾಯಿತು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಎಳೆ ವಯಸ್ಸಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಮ್ಮಾರ, ಎಡಮೊಣಕಾಲು ವಯಸ್ಸಿಗೆ ತಕ್ಕಂಗ ಐತಿ. ಬಲಗಾಲಂದು ಮಾತ್ರ ಒಳಗಿನ ಮೆತ್ತಿ ಭಾಳ ಸವದೈತಿ. ಈ ಕಾಲಿಲೆ ಏನ್ ಕೆಲಸಾ ಮಾಡ್ತೀರಿ?"

"ಬ್ರೇಕ್ ಹಾಕ್ತೇನ್ರಿ ಸಾಹೇಬ್ರ."

"ಗಾಡಿ ಹೊಡೀತೀರೇನು?"

"ಇಲ್ರಿ. ಗಾಡಿ ಇಂವ ಹೊಡೀತಾನ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಇನ್ನು ಮುಂದೆ ಗಾಡಿಯ ಕುಲುಕಾಟ ಬೇಡ, ಮನೆಯಲ್ಲೇ ಇರಬೇಕು ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಚಿಗವ್ವ ಮೆಟ್ಟಿಲು ಇಳಿಯುತ್ತಲೇ ತೀರ್ಪು ಕೊಟ್ಟಳು: "ಇನ್ನ ಮೀಸಿ ಚಿಗುರಿಲ್ಲ ಅಂವಗ. ಆ ಇಳಿಜಾರಿಂದು ಅಂವಗೇನ ಗೊತ್ತ?" ಮರುದಿನ ಮುಂಜಾನೆ ಏಳೂವರೆಗೆ ಎಡಗಡೆ ಸೀಟು ಭರ್ತಿ!

ಹೀಗೇ ನಡೆದಿತ್ತು, ಹೋದ ತಿಂಗಳ ತನಕ. ಆಗ ಸ್ಟೇರಿಂಗು ನಡುಗತೊಡಗಿತು. ಬ್ರೇಕ್ ಒತ್ತಿದರೆ ಕೈಯಷ್ಟೇ ಅಲ್ಲ, ಹಲ್ಲೂ ನಡುಗುತ್ತಿತ್ತು. ಆಮೇಲೆ 'ಕರ್ರ್' ಎಂಬ ಸಪ್ಪಳ ಬಂತು. ನಾಳೆ ತೋರಿಸೋಣ, ನಾಡಿದ್ದು ತೋರಿಸೋಣ ಎಂದು ನಾನು ಮುಂದಕ್ಕೆ ಹಾಕಿದೆ. ಒಂದು ಬುಧವಾರ ಅದೇ ಇಳಿಜಾರು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ನಾನು ಒತ್ತಿದೆ. ಗಾಡಿ ನಡುಗಿತು, ಕಿರುಚಿತು, ಆದರೆ ನಿಲ್ಲಲಿಲ್ಲ. ಬೇವಿನಗಿಡ ಹಿಂದೆ ಹೋಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇದ್ದ ದೇವರನ್ನೆಲ್ಲ ನೆನೆದ ಮೇಲೆ ಕಬ್ಬಿನ ಗರಿ ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು.

ಎಡಗಡೆಗೆ ತಿರುಗಿ ನೋಡಿದೆ. "ನಾ ಒತ್ತಿದ್ದಕ್ಕ ನಿಂತ್ತು" ಎಂಬ ಮಾತು ಬರಲಿಲ್ಲ. ಆಕೆಯ ಕಾಲು ಇನ್ನೂ ಮ್ಯಾಟನ್ನು ಒತ್ತಿಕೊಂಡೇ ಇತ್ತು. ಸಣ್ಣ ದನಿಯಲ್ಲಿ, "ತಮ್ಮಾ, ನನ್ನ ಬ್ರೇಕೂ ಹತ್ತಲಿಲ್ಲೋ" ಎಂದಳು.

ಹೇಗೋ ನಿಧಾನಕ್ಕೆ ಹುನಗುಂದಕ್ಕೆ ಮರಳಿ, ಬಸ್‌ಸ್ಟ್ಯಾಂಡಿನ ಹಿಂದಿನ ರಾಜಾಸಾಬ ಮಿಸ್ತ್ರಿಯ ಗ್ಯಾರೇಜಿಗೆ ಗಾಡಿ ಬಿಟ್ಟೆವು. ಮಿಸ್ತ್ರಿ ಮುಂದಿನ ಗಾಲಿ ಬಿಚ್ಚಿದ. ಒಳಗೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಮೆತ್ತೆಗಳೇ ಪ್ಯಾಡು. ಮಿಸ್ತ್ರಿ ಪ್ಯಾಡನ್ನು ನನ್ನ ಅಂಗೈಯಲ್ಲಿಟ್ಟ.

"ಬರೀ ತಗಡ ಉಳದೈತ್ರಿ. ಡಿಸ್ಕ್ ನೋಡ್ರಿ, ಗೆರಿ ಬಿದ್ದಾವ, ಮ್ಯಾಲ ಡೊಂಕೂ ಆಗೈತಿ. ಕಾದಾಗ ನೀರ ಬಿದ್ದಂಗ ಕಾಣತೈತಿ. ದಿನಾ ಎಲ್ಲೆರ ಹಳ್ಳದಾಗ ಇಳಿಸ್ತೀರೇನು?"

ಚಿಗವ್ವ ಬಗ್ಗಿ ಆ ಡಿಸ್ಕನ್ನು ನೋಡಿದಳು. ಬೆರಳಾಡಿಸಿದಳು. ರೊಟ್ಟಿ ಬೇಯಿಸುವ ಕಬ್ಬಿಣದ ತವೆಗೆ ನಮ್ಮಲ್ಲಿ ಹಂಚು ಎನ್ನುತ್ತೇವೆ. ಹಂಚಿನ ವಿಷಯದಲ್ಲಿ ಆಕೆಯಷ್ಟು ತಿಳಿದವರು ತಾಲೂಕಿನಲ್ಲೇ ಇಲ್ಲ. ಕಾದ ಹಂಚಿಗೆ ತಣ್ಣೀರು ಚೆಲ್ಲಿದ ಹೆಂಗಸಿಗೆ ನಮ್ಮ ಮನೆಯಲ್ಲಿ ಮತ್ತೆ ಒಲೆ ಸಿಗುವುದಿಲ್ಲ. ಹಂಚು ಡೊಂಕಾಗುತ್ತದೆ, ರೊಟ್ಟಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿಯಾಗುತ್ತದೆ. ಇದನ್ನು ಎಂಟು ಹೆಂಗಸರಿಗೆ ದಿನಾ ಹೇಳುವ ಚಿಗವ್ವ, ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತಳು.

"ನಾನ ಲೇ ತಮ್ಮಾ. ಹನ್ನೊಂದು ವರ್ಷ ಕಾದ ಹಂಚಿಗೆ ನೀರ ಹಾಕೇನಿ. ಕಾಲಿಗೆ ನೀರ ಕೊಡಾಕ ಹೋಗಿ ನಿನ್ನ ಜೀವಕ್ಕ ಕುತ್ತ ತಂದೇನಿ."

"ಹಂಗೇನಿಲ್ರಿ ಅಕ್ಕಾರ, ಪ್ಯಾಡ್ ಸವದಿದ್ದನ್ನ ಇವ್ರು ಮೊದಲ ತೋರಸಬೇಕಿತ್ತು" ಎಂದು ಮಿಸ್ತ್ರಿ ಒಳ್ಳೆಯ ಮನಸ್ಸಿನಿಂದ ತಪ್ಪನ್ನು ನನ್ನ ತಲೆಗೆ ಕಟ್ಟಿದ. ಅದು ಖರೆಯೂ ಆಗಿತ್ತು. ಆದರೆ ಆಕೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಹುಕುಂ ಹೊರಡಿಸಿದಳು.

"ಇನ್ನ ನಾ ಗಾಡಿ ಏರೂದಿಲ್ಲ. ಡಾಕ್ಟರ ಮಾತು ಕೇಳ್ತೇನಿ. ಆದ್ರ ಹೊಸಾ ಬ್ರೇಕ್ ನಾನ ಆರಸ್ತೇನಿ. ನಾ ಆರಿಸಿದ್ದು ಕೂಡೂತನಕ ಈ ಗಾಲಿ ತಿರಗಂಗಿಲ್ಲ."

ಮುಂದಿನ ಸೋಮವಾರ ಮಹಾಕೂಟದಲ್ಲಿ ಒಂದು ದೊಡ್ಡ ಮದುವೆಗೆ ಎರಡು ಸಾವಿರ ಕಡಕ್ ರೊಟ್ಟಿ ಮುಟ್ಟಿಸಬೇಕಿತ್ತು. ನಡುವೆ ಇದ್ದದ್ದು ನಾಲ್ಕೇ ದಿನ. ಆದರೆ ನನಗೆ ಅದರ ಚಿಂತೆಗಿಂತ ಬೇರೊಂದು ಸಂಕಟ ಶುರುವಾಯಿತು. ಹನ್ನೊಂದು ವರ್ಷದಿಂದ "ಈಕೆ ಒಂದು ದಿನ ಮನೆಯಲ್ಲಿ ಕೂತರೆ ಆರಾಮಾಗಿ ಗಾಡಿ ಹೊಡೆಯುತ್ತಿದ್ದೆ" ಎಂದು ಗೊಣಗಿದವನು ನಾನು. ಈಗ ಕೇಳಿದ್ದು ಸಿಕ್ಕಿತ್ತು.

ಮರುದಿನ ಬಸ್ಸಿನಲ್ಲಿ ಬಾಗಲಕೋಟೆಗೆ ಹೊರಟೆವು. ಗಾಡಿಯ ಹೆಸರು, ವರ್ಷ ಬರೆದ ಮಿಸ್ತ್ರಿಯ ಚೀಟಿ ಚಿಗವ್ವನ ಎಲೆಅಡಿಕೆ ಸಂಚಿಯಲ್ಲಿ. ಹಳೆಯ ಡಿಸ್ಕು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿಕೊಂಡು ಆಕೆಯ ತೊಡೆಯ ಮೇಲೆ.

"ಏನಬೇ ಅದು, ಇಷ್ಟ ಭಾರ?" ಎಂದು ಕಂಡಕ್ಟರ್ ಕೇಳಿದ.

"ಹಂಚು."

"ಯಾವ ಒಲಿಗೆ ಇಡ್ತಿ ಇದನ್ನ?"

"ಇದು ಗಾಡಿ ಹಂಚೋ ಯಪ್ಪಾ. ಡೊಂಕಾಗೈತಿ. ನಿನ್ನ ಬಸ್ಸಿಂದು ನೆಟ್ಟಗೈತಿಲ್ಲೋ?"

ಕಂಡಕ್ಟರ್ ನಗುತ್ತ ಡ್ರೈವರನ ಕಡೆ ಹೋದ. ಆಮೇಲೆ ಬಾಗಲಕೋಟೆಯ ತನಕ ಬಸ್ಸು ಬಹಳ ಸಮಾಧಾನದಿಂದ ಹೋಯಿತು ಎಂದು ನನಗನ್ನಿಸಿದ್ದು ಭ್ರಮೆಯೂ ಇರಬಹುದು.

ಬಿಡಿಭಾಗಗಳ ಅಂಗಡಿಯ ಹೊಸ್ತಿಲಲ್ಲಿ ಚಿಗವ್ವ ಚಪ್ಪಲಿ ಬಿಟ್ಟಳು. ಅಂಗಡಿಯ ಸಾವಕಾರರು ಮೊಬೈಲಿನಿಂದ ತಲೆ ಎತ್ತಿ ನನ್ನನ್ನು, "ಏನ್ ಬೇಕ್ರಿ?" ಎಂದು ಕೇಳಿದರು. "ನನ್ನ ಕೇಳ್ರಿ" ಎಂದಳು ಚಿಗವ್ವ. ಮುಂದಿನ ಒಂದು ತಾಸು ನಾನು ಅಲ್ಲಿ ಇದ್ದೂ ಇಲ್ಲದವನು.

ಮೊದಲು ಅಗ್ಗದ ಡಿಸ್ಕು ಬಂತು. ಆಕೆ ಅದನ್ನು ಗಾಜಿನ ಕೌಂಟರಿನ ಮೇಲಿಟ್ಟು, ಹಂಚು ಕೊಳ್ಳುವಾಗ ಮಾಡುವಂತೆ ಅಂಚನ್ನು ಅಲ್ಲಲ್ಲಿ ಬೆರಳಿನಿಂದ ಒತ್ತಿದಳು. ಟಕ್ ಟಕ್ ಎಂದಿತು. "ಇದು ಕುಣೀತೈತಿ. ಕುಣಿಯೂದು ನನಗ ಬ್ಯಾಡ." ಎರಡನೆಯದಕ್ಕೆ ಮೈತುಂಬ ತೂತು.

"ಇದಕ್ಕೇನ್ರಿ, ಹುಳಾ ಹತ್ತ್ಯಾವೇನು?"

"ಅದು ಗಾಳಿ ಆಡಾಕ್ರಿ ಅವ್ವಾರ. ಹುಡುಗ್ರು ಭಾಳ ಇಷ್ಟಪಡ್ತಾರ."

"ನನ್ನ ಹುಡುಗಗ ತೂತಿಲ್ಲದ್ದು ಕೊಡ್ರಿ."

ನಲವತ್ತು ವರ್ಷದ ಹುಡುಗ ನಾನು ನನ್ನ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡೆ. ಮೂರನೆಯದು ಕಂಪನಿಯದು, ದಪ್ಪನೆಯದು, ಯಾವ ಆಡಂಬರವೂ ಇಲ್ಲದ್ದು. ಕೌಂಟರಿನ ಮೇಲಿಟ್ಟರೆ ಮಿಸುಕಲಿಲ್ಲ. ಚಿಗವ್ವ ಅದರ ನಡುವಿನ ತೂತಿಗೆ ಬೆರಳು ಹಾಕಿಸಿ ನನ್ನ ಕೈಯಲ್ಲಿ ಎತ್ತಿ ಹಿಡಿಸಿದಳು. ಸಂಚಿಯಿಂದ ಅಡಕತ್ತರಿ ತೆಗೆದು ಮೆತ್ತಗೆ ಬಡಿದು, ಕಣ್ಣು ಮುಚ್ಚಿ ಕೇಳಿದಳು. ಟಣ್ ಎಂದಿತು. ಜೊತೆಯದನ್ನು ಬಡಿದಳು. ಮುಖ ಸಿಂಡರಿಸಿದಳು.

"ಇದರ ದನಿ ಬ್ಯಾರೆ ಐತಿ. ಇನ್ನೊಂದು ತಗೀರಿ."

"ಅವ್ವಾರ, ಎಲ್ಲಾ ಒಂದ ಅಚ್ಚಿನಾಗ ಆದವು."

"ಒಂದ ಹೊಟ್ಯಾಗ ಹುಟ್ಟಿದವ್ರೆಲ್ಲಾ ಒಂದ ಥರಾ ಇರ್ತಾರೇನ್ರಿ?"

ಸಾವಕಾರರಿಗೆ ತಮ್ಮ ಅಣ್ಣತಮ್ಮಂದಿರು ನೆನಪಾದರೋ ಏನೋ, ಸುಮ್ಮನೆ ಇನ್ನೊಂದು ಡಬ್ಬಿ ಒಡೆದರು. ಹೀಗೆ ಏಳು ಡಬ್ಬಿ ಒಡೆದ ಮೇಲೆ ಒಂದೇ ದನಿಯ ಎರಡು ಡಿಸ್ಕು ಸಿಕ್ಕವು. ಅಷ್ಟರಲ್ಲಿ ಅಂಗಡಿಯ ಮುಂದೆ ನಾಲ್ಕು ಜನ ಕೂಡಿದ್ದರು. ಅವರಲ್ಲೊಬ್ಬ ತಾನು ಕೊಂಡ ಡಿಸ್ಕನ್ನು ಚೀಲದಿಂದ ತೆಗೆದು, "ಅವ್ವಾ, ನಂದಷ್ಟ ಕೇಳಬೇ" ಎಂದು ಮುಂದೆ ಹಿಡಿದ. ಸಾವಕಾರರು ಹಣೆ ಹಣೆ ಬಡಿದುಕೊಂಡರು.

ಪ್ಯಾಡಿನ ಸರದಿ ಬಂತು. ಸಾವಕಾರರು ಈ ಸಲ ಜಾಣತನ ಮಾಡಿ ಮೊದಲೇ ಹೊಗಳಿದರು. "ಇದನ್ನ ಒಯ್ರಿ ಅವ್ವಾರ. ಭಾಳ ಗಟ್ಟಿ ಮಾಲು. ಸವಿಯೂದ ಇಲ್ಲ."

"ಇದು ಸವೀದಿದ್ರ ಮತ್ತ ಯಾವುದು ಸವೀತೈತಿ?"

ಸಾವಕಾರರು ತಡವರಿಸಿದರು. "ಅದು... ಡಿಸ್ಕನ್ನ ಸ್ವಲ್ಪ ತಿನ್ನತೈತ್ರಿ."

"ಹಂಗಾರ ಬ್ಯಾಡ. ಎರಡು ತಿಕ್ಕೂವಾಗ ಒಂದು ಸವೀಬೇಕ್ರೀ ಯಪ್ಪಾ. ಬದಲಿ ಹಾಕಾಕ ಬರೂದು ಸವೀಲಿ. ದೊಡ್ಡದು ಉಳೀಲಿ."

ಸಾವಕಾರರು ಎದ್ದು ಹೋಗಿ ತಾವೇ ಒಳಗಿನಿಂದ ಕಂಪನಿಯ ಮೆತ್ತನೆಯ ಪ್ಯಾಡು ತಂದರು. ಇನ್ನು ನನಗೆ ಗಾಬರಿ ಹುಟ್ಟಿಸಿದ ಸಂಗತಿ: ಒಂದು ಕೊತ್ತಂಬರಿ ಸಿವುಡಿಗಾಗಿ ಇಡೀ ಸಂತೆ ಸುತ್ತುವ ನಮ್ಮ ಚಿಗವ್ವ ರೇಟನ್ನೇ ಕೇಳಲಿಲ್ಲ! ಆಕೆಗೆ ಆರಾಮಿಲ್ಲವೇನೋ ಎಂದು ನಾನು ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

"ಬ್ರೇಕಿಗೆ ಚೌಕಾಶಿ ಮಾಡಿದ್ರ, ಅದೂ ನಿಲ್ಲೂವಾಗ ಚೌಕಾಶಿ ಮಾಡತೈತಿ" ಎಂದಳು.

ಶನಿವಾರ ಮಿಸ್ತ್ರಿ ಹೊಸ ಡಿಸ್ಕನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸುತ್ತಿದ್ದ. ತುಕ್ಕು ಹಿಡಿಯಬಾರದೆಂದು ಕಂಪನಿಯವರು ಹಚ್ಚಿದ ಎಣ್ಣೆಯನ್ನು ತೆಗೆಯಬೇಕು. ಚಿಗವ್ವ ನೋಡಿದಳು. ಹೊಸ ಹಂಚಿಗೆ ಮೊದಲು ಎಣ್ಣೆ ಹಚ್ಚಿ ಪಳಗಿಸಬೇಕು ಎಂಬುದು ಆಕೆಯ ಶಾಸ್ತ್ರ. ಇಂವ ಇದ್ದ ಎಣ್ಣೆಯನ್ನೂ ಒರೆಸುತ್ತಿದ್ದಾನೆ! ಮೆಲ್ಲಗೆ ಸೆರಗಿನ ಮರೆಯಿಂದ ಕುಸುಬೆ ಎಣ್ಣೆಯ ಬಾಟಲಿ ಹೊರಬಂತು.

"ಅಕ್ಕಾರ!" ಮಿಸ್ತ್ರಿ ಹಾರಿಬಂದು ಬಾಟಲಿ ಕಸಿದುಕೊಂಡ. "ಇದಕ್ಕ ಎಣ್ಣಿ ಹಚ್ಚಿದ್ರ ಗಾಡಿ ಸೀದಾ ಮಲಪ್ರಭಾ ಹೊಳಿಗೇ ಹೋಗಿ ನಿಲ್ಲತೈತಿ!"

ಚಿಗವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಎರಡನೆಯ ಸಲವೂ ತನ್ನ ಪ್ರೀತಿ ಬ್ರೇಕಿಗೆ ಮುಳುವಾಗುತ್ತಿತ್ತಲ್ಲ ಎಂದು ಆಕೆಯ ಮುಖ ಸಪ್ಪಗಾಯಿತು. ಮಿಸ್ತ್ರಿಯೇ ಸಮಾಧಾನ ಹೇಳಿದ: ಪಳಗಿಸುವುದು ಇದಕ್ಕೂ ಇದೆ, ಆದರೆ ರಸ್ತೆಯ ಮೇಲೆ; ಮೊದಮೊದಲು ಒಮ್ಮೆಲೇ ಜೋರಾಗಿ ಒತ್ತದೆ ಮೆತ್ತಗೆ ಹಿಡಿದು ಹಿಡಿದು ಬಿಡಬೇಕು. "ತಿಳೀತು. ಹೊಸಾ ಹಂಚಿನ ಮೊದಲಿನ ಹತ್ತು ರೊಟ್ಟಿ ನಾಯಿಗೆ" ಎಂದಳು ಆಕೆ. ನಾನು ಇಳಕಲ್ಲಿಗೆ ಮೂರು ಸಲ ಹೋಗಿ ಬಂದು ಆ ಹತ್ತು ರೊಟ್ಟಿ ಸುಟ್ಟೆ.

ಭಾನುವಾರ ಪರೀಕ್ಷೆ. ಇದೊಂದು ಸಲ ಎಂದು ಚಿಗವ್ವ ಎಡಗಡೆ ಸೀಟಿಗೆ ಏರಿದಳು. ಇಳಿಜಾರು ಬಂದ ಕೂಡಲೇ ಎರಡೂ ಕೈಗಳಿಂದ ತನ್ನ ಬಲಮೊಣಕಾಲನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆತ್ತಿಕೊಂಡಳು.

"ಯಾಕ, ನೋಯತೈತೇನು?"

"ಇಲ್ಲೋ. ಅಭ್ಯಾಸ ಬಲಕ್ಕ ನಾ ಒತ್ತಿಬಿಟ್ರ ನಿನ್ನ ಬ್ರೇಕಿನ ಪರೀಕ್ಷಾ ಹೆಂಗಾಗಬೇಕು?"

ಬೇವಿನಗಿಡದ ಹತ್ತಿರ ನಾನು ಒತ್ತಿದೆ. ನಡುಕವಿಲ್ಲ, ಸಪ್ಪಳವಿಲ್ಲ. ಗಾಡಿ ಮೆತ್ತಗೆ ನಿಂತಿತು. ಗಿಡದ ಬುಡದ ಆಡು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು.

"ನಿಂತ್ತು" ಎಂದಳು.

"ಹೂಂ, ನಿಂತ್ತು."

"ನಾ ಒತ್ತಲಿಲ್ಲ."

"ಒತ್ತಲಿಲ್ಲ ಚಿಗವ್ವ."

ಕಣ್ಣಿಗೆ ಧೂಳು ಬಿತ್ತು ಎಂದು ಸೆರಗಿನಿಂದ ಒರೆಸಿಕೊಂಡಳು. ಮನೆಗೆ ಬಂದ ಮೇಲೆ ತಂಬಿಗೆ ಹಿಡಿದುಕೊಂಡು ಅರ್ಧ ತಾಸು ಗಾಡಿಯ ಪಕ್ಕದಲ್ಲಿ ಕಾದಳು. ಹಿಂಗೈಯಿಂದ ಗಾಲಿಯನ್ನು ಮುಟ್ಟಿ ಮುಟ್ಟಿ ನೋಡಿ, ತಣ್ಣಗಾಯಿತು ಎಂದು ಖಾತ್ರಿಯಾದ ಮೇಲೆಯೇ ನೀರು ಹೊಯ್ದಳು.

ಸೋಮವಾರ ನಾನೊಬ್ಬನೇ ಹೊರಟೆ. ಎಡಗಡೆ ಸೀಟಿನಲ್ಲಿ ನಾಲ್ಕು ಗಂಟು ರೊಟ್ಟಿ ಇಡಬಹುದಿತ್ತು, ಇಡಲು ಮನಸ್ಸಾಗಲಿಲ್ಲ. ಇಳಿಜಾರಿನಲ್ಲಿ ಆಡು ಕಂಡಾಗ "ಕಟ್ಟಿ ಹಾಕ್ಯಾರ ಚಿಗವ್ವ" ಎಂದು ನಾನೇ ಹೇಳಿ, ಉತ್ತರಕ್ಕಾಗಿ ಎಡಕ್ಕೆ ತಿರುಗಿದೆ. ಬ್ರೇಕು ಬಂಗಾರದಂತಿತ್ತು. ಎರಡು ಸಾವಿರ ರೊಟ್ಟಿಯಲ್ಲಿ ಒಂದೂ ಮುರಿಯದಂತೆ ಮಹಾಕೂಟ ಮುಟ್ಟಿಸಿ ಮಧ್ಯಾಹ್ನ ಮನೆಗೆ ಬಂದು, ಅಂಗಳದಲ್ಲಿ ನಿಂತು ಆ ಬ್ರೇಕನ್ನು ಬಾಯಿತುಂಬ ಹೊಗಳಿದೆ. ನನ್ನ ಹೆಂಡತಿ ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದಳು.

"ಒಂದ ಮಾತ ಹೇಳ್ತೇನಿ, ನಗಬ್ಯಾಡ್ರಿ. ಮುಂಜಾನೆ ಒಂಬತ್ತಾದ ಕೂಡ್ಲೆ ಅತ್ತಿಯಾರು ರೊಟ್ಟಿ ಬಡಿಯೂದ ನಿಲ್ಲಿಸಿದ್ರು. ಬಲಗಾಲ ಮುಂದ ಚಾಚಿ ನೆಲಕ್ಕ ಗಟ್ಟ್ಯಾಗಿ ಒತ್ತಿ ಹಿಡದ್ರು. ಹಂಚಿನ ಮ್ಯಾಲಿನ ರೊಟ್ಟಿ ಸುಡಾಕತ್ತಿತ್ತು. ಯಾಕ್ರಿ ಅತ್ತಿ ಅಂದ್ರ, 'ಸುಮ್ಮಿರು, ಅಂವ ಈಗ ಇಳಿಜಾರದಾಗ ಅದಾನ' ಅಂದ್ರು."

ನಾನು ನಗಲಿಲ್ಲ. ಈ ಕಾಲಿನಿಂದ ಏನು ಕೆಲಸ ಮಾಡುತ್ತೀರಿ ಎಂದು ಆ ಎಳೆಯ ಡಾಕ್ಟರು ಕೇಳಿದ್ದು ನೆನಪಾಯಿತು. ಮೂವತ್ತನಾಲ್ಕು ವರ್ಷ ನಾನು ಎಲ್ಲೂ ಉರುಳಿ ಬೀಳದೆ ನಿಂತದ್ದು ಯಾರು ಸವೆದದ್ದರಿಂದ ಎಂದು ನನಗೆ ಅವತ್ತೇ ತಿಳಿಯಬೇಕಿತ್ತು. ಆಗ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಗಾಡಿಗೆ ಹೋದೆ. ಎಡಗಡೆಯ ತೂತುಬಿದ್ದ ಮ್ಯಾಟನ್ನು ತೆಗೆದು, ಝಾಡಿಸಿ, ಒಳಗೆ ತಂದು ಒಲೆಯ ಮುಂದೆ ಆಕೆಯ ಬಲಗಾಲ ಕೆಳಗೆ ಹಾಸಿದೆ.

"ಇದ್ಯಾಕೋ ಇಲ್ಲೆ?"

"ನೆಲಾ ತಣ್ಣಗೈತಿ ಚಿಗವ್ವ. ಮೊಣಕಾಲಿಗೆ ಛಲೋ ಅಲ್ಲ."

ಆಕೆ ನನ್ನ ಮುಖ ನೋಡಿದಳು, ಮ್ಯಾಟು ನೋಡಿದಳು. ಹಿಮ್ಮಡಿಯನ್ನು ಸರಿಯಾಗಿ ಆ ತೂತಿನಲ್ಲಿಟ್ಟು ಒಮ್ಮೆ ಒತ್ತಿದಳು.

"ಹೂಂ. ಇಲ್ಲಿಂದನೂ ಹತ್ತತೈತಿ" ಎಂದಳು.